ಬರಡು ನೆಲದಲ್ಲಿ ಗುಳಿ ತೋಡಿದವರು

ಬೇಸಾಯಗಾರನನ್ನು ಕಾಡುವ ವಿಪತ್ತುಗಳನ್ನು ನಮ್ಮ ಪ್ರಾಚೀನರು ‘ಈತಿ’ ಎಂಬ ಒಂದೇ ಶಬ್ದದಲ್ಲಿ ಅಡಕಗೊಳಿಸಿದರು. ಅತಿವೃಷ್ಟಿ, ಅನಾವೃಷ್ಟಿ, ಇಲಿಗಳ ಕಾಟ, ಮಿಡತೆಗಳ ದಾಳಿ, ಗಿಳಿಗಳ ಹಾವಳಿ, ನೆರೆಯರಸರ ದಂಡಯಾತ್ರೆ ಎಂದು ಈತಿಬಾಧೆಗಳನ್ನು ಆರಾಗಿ ಎಣಿಸುವುದು ಶಾಸ್ತ್ರರೂಢಿ. ಇವುಗಳಲ್ಲಿ ಕಡೆಯದು ನಮ್ಮ ನಾಡಿನಲ್ಲಿ ಅರಸರೊಡನೆಯೇ ಹೋಯಿತು. ಇಲಿ, ಗಿಳಿ, ಮಿಡತೆಗಳಿಗೆ ರೈತನು ತನ್ನದೇ ಉಪಾಯಗಳನ್ನು ಕಂಡುಕೊಂಡನು. ಮೊದಲಿನ ಎರಡು ಮಾತ್ರ ಉಳಿದುಕೊಂಡುದಲ್ಲದೆ ಒಂದರ ಬೆನ್ನಿಗೊಂದು ಬರತೊಡಗಿವೆ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಉತ್ತರ ಕರ್ನಾಟಕದ ಎಷ್ಟೋ ಊರುಗಳನ್ನು ಮುಳುಗಿಸಿದುವು. ಅದಾದ ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರವು ಬರಪೀಡಿತವೆಂದು ಘೋಷಿಸಬೇಕಾಯಿತು. ಮರುವರ್ಷವಾದ 2024, ಉಷ್ಣತೆಯನ್ನು ಅಳೆದಿಡುವ ಪರಿಪಾಠ ಆರಂಭವಾದಂದಿನಿಂದ ಅಂದಿನವರೆಗೆ, ಭೂಮಂಡಲದ ಅತ್ಯಂತ ಬಿಸಿಯಾದ ವರ್ಷವೆನಿಸಿತು.

ಹಿರಿಯರು ಇದನ್ನೆಲ್ಲ ‘ಕಾಲ ಕೆಟ್ಟಿತು’ ಎಂಬ ಒಂದು ನಿಟ್ಟುಸಿರಿನಲ್ಲಿ ಮುಗಿಸಿಬಿಡುತ್ತಾರೆ. ತರಗತಿಯ ಬೆಂಚಿನ ಮೇಲೆ ಕುಳಿತ ಹದಿನಾರರ ಹರೆಯದ ವಿದ್ಯಾರ್ಥಿಗೆ ಹಾಗೆ ಮುಗಿಸಲು ಬಾರದು; ಏಕೆಂದರೆ ಕೆಟ್ಟಿತೆನ್ನಲಾದ ಆ ಕಾಲದಲ್ಲಿ ಬದುಕಬೇಕಾದವರು ಆ ಮಕ್ಕಳೇ. 2021ರಲ್ಲಿ ಭಾರತವೂ ಸೇರಿದಂತೆ ಹತ್ತು ದೇಶಗಳ, 16ರಿಂದ 25 ವರ್ಷ ವಯಸ್ಸಿನ ಹತ್ತು ಸಾವಿರ ತರುಣ ತರುಣಿಯರನ್ನು ಪ್ರಶ್ನಿಸಿ ನಡೆಸಿದ ಸಮೀಕ್ಷೆಯೊಂದು ಪ್ರಕಟವಾಯಿತು. ವಾಯುಗುಣದ ಬದಲಾವಣೆಯ ವಿಷಯದಲ್ಲಿ ತಮಗೆ ತೀವ್ರವಾದ ಕಳವಳವಿದೆಯೆಂದು ಅವರಲ್ಲಿ ನೂರಕ್ಕೆ 59 ಮಂದಿ ತಿಳಿಸಿದರು. ನೂರಕ್ಕೆ 75 ಮಂದಿಗೆ ಭವಿಷ್ಯವೇ ಭಯಾನಕವಾಗಿ ತೋರಿತು. ಪಟ್ಟಣದ ಮಕ್ಕಳಿಗೆ ಈ ಭಯವು ಓದಿನಿಂದ ಬಂದುದಾದರೆ, ಒಕ್ಕಲು ಮನೆತನದ ಮಕ್ಕಳಿಗೆ ಅದು ಮನೆಯ ಅಂಗಳದಿಂದಲೇ ಬಂದಿದೆ. ಕಣವಿಲ್ಲದ ಸುಗ್ಗಿಯನ್ನು, ಬತ್ತಿದ ಕೊಳವೆಬಾವಿಯನ್ನು ಅವರು ಕಣ್ಣಾರೆ ಕಂಡಿದ್ದಾರೆ. ತಂದೆಯ ಹೊಲವು ತಮ್ಮ ಕಾಲಕ್ಕೆ ಬೆಳೆ ಕೊಟ್ಟೀತೇ ಎಂಬ ಸಂಶಯವಿರುವಾತನು ಹೊಲವನ್ನು ಬಿಟ್ಟು ಹೊರಟರೆ ಅವನನ್ನು ಆಲಸಿಯೆಂದು ಜರೆಯುವುದು ನ್ಯಾಯವಲ್ಲ.

ಇಂತಹ ಭಯಕ್ಕೆ ಸುಳ್ಳು ಸಮಾಧಾನವು ಮದ್ದಾಗಲಾರದು. ‘ಏನೂ ಆಗುವುದಿಲ್ಲ, ಹೆದರಬೇಡಿ’ ಎಂದು ಬೆನ್ನು ಸವರುವ ಉಪಾಧ್ಯಾಯರ ಮಾತನ್ನು ಇಂದಿನ ಮಕ್ಕಳು ನಂಬುವುದೂ ಇಲ್ಲ. ಆದರೆ ಪಾಠಪುಸ್ತಕಗಳಿಗೂ ಪತ್ರಿಕೆಗಳಿಗೂ ಒಂದು ದೋಷವುಂಟು: ಅನರ್ಥವನ್ನು ವಿಸ್ತಾರವಾಗಿ ವರ್ಣಿಸಿ, ಅದಕ್ಕೆ ಎದುರಾಗಿ ನಿಂತವರ ಕೆಲಸವನ್ನು ಕೊನೆಯ ಎರಡು ವಾಕ್ಯಗಳಲ್ಲಿ ಮುಗಿಸುತ್ತವೆ. ಕರಗುವ ಹಿಮದ ವಿಷಯ ಬಲ್ಲ ಬಾಲಕನಿಗೆ, ಮರುಭೂಮಿಯ ಅಂಚಿನಲ್ಲಿ ಗುದ್ದಲಿಯೊಂದನ್ನೇ ಹಿಡಿದು ಬರಡನ್ನು ಹಸಿರಾಗಿಸಿದ ಒಕ್ಕಲಿಗರ ವಿಷಯ ತಿಳಿದಿರುವುದಿಲ್ಲ. ಅರ್ಧವನ್ನೇ ಕೇಳಿದವನಿಗೆ ಭಯ ಸಹಜ. ಉಳಿದರ್ಧವನ್ನು ಇಲ್ಲಿ ಕೊಂಚ ವಿಸ್ತರಿಸಿ ಹೇಳುವುದು ಉಚಿತ.

ಆಫ್ರಿಕಾ ಖಂಡದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿಗೆ, ಪೂರ್ವಪಶ್ಚಿಮವಾಗಿ ಹಬ್ಬಿದ ಒಂದು ಸೀಮೆಗೆ ‘ಸಾಹೆಲ್’ ಎಂದು ಹೆಸರು. ಅರಬ್ಬೀ ಭಾಷೆಯಲ್ಲಿ ಈ ಶಬ್ದಕ್ಕೆ ತೀರವೆಂದರ್ಥ. ಮರಳಿನ ಕಡಲಿಗೆ ಇದು ದಡವೆಂಬ ಭಾವನೆ. ಈ ಸೀಮೆಗೆ ಸೇರಿದ ಬುರ್ಕಿನಾ ಫಾಸೊ ದೇಶದ ಉತ್ತರ ಭಾಗದಲ್ಲಿ ಯಾತೆಂಗ ಎಂಬ ಪ್ರಾಂತವಿದೆ. ಅಲ್ಲಿ ಬೀಳುವ ಮಳೆಯು ಹೆಚ್ಚುಕಡಮೆ ನಮ್ಮ ವಿಜಯಪುರ, ಕೊಪ್ಪಳಗಳ ಕಡೆ ಬೀಳುವಷ್ಟೇ. ಬೆಳೆಯುವ ಧಾನ್ಯಗಳೂ ನಮಗೆ ಅಪರಿಚಿತವಲ್ಲ, ಜೋಳ ಮತ್ತು ಸಜ್ಜೆ. 1968ರಿಂದ ಮೊದಲ್ಗೊಂಡು ಕೆಲವು ವರ್ಷಗಳವರೆಗೆ, ಅನಂತರ 1980ರ ದಶಕದ ಮೊದಲರ್ಧದಲ್ಲಿ ಮತ್ತೊಮ್ಮೆ, ಅಲ್ಲಿ ಘೋರವಾದ ಕ್ಷಾಮಗಳು ತಲೆದೋರಿದುವು. ಗಿಡಮರಗಳು ಹೋದುವು, ಮೇಲ್ಮಣ್ಣನ್ನು ಗಾಳಿ ಒಯ್ದಿತು, ಉಳಿದ ನೆಲವು ಬಿಸಿಲಿಗೆ ಬೆಂದು ಹೆಂಚಿನಂತೆ ಗಟ್ಟಿಯಾಯಿತು. ಅಲ್ಲಿಯವರು ಇಂತಹ ನೆಲವನ್ನು ‘ಜಿಪೆಲ್ಲೆ’ ಎಂದು ಕರೆಯುತ್ತಾರೆ. ಮಳೆ ಬಂದರೂ ನೀರು ಒಳಗಿಳಿಯದೆ ಹರಿದುಹೋಗುವ ನೆಲವದು. ಒಕ್ಕಲುಗಳು ಗಂಟುಮೂಟೆ ಕಟ್ಟಿ ಊರು ಬಿಟ್ಟವು.

ಎಲ್ಲರೂ ಊರು ಬಿಡುತ್ತಿದ್ದ ಆ ದಿನಗಳಲ್ಲಿ ಒಬ್ಬರು ಪೇಟೆಯ ವ್ಯಾಪಾರವನ್ನು ಬಿಟ್ಟು ಊರಿಗೆ ಮರಳಿದರು. ಅವರ ಹೆಸರು ಯಾಕುಬಾ ಸಾವಡೋಗೊ. ಬಾಲ್ಯದಲ್ಲಿ ಅವರನ್ನು ನೆರೆಯ ಮಾಲಿ ದೇಶದ ಕುರಾನ್ ಪಾಠಶಾಲೆಯೊಂದಕ್ಕೆ ಕಳುಹಿಸಲಾಗಿತ್ತು. ಓದು ಅವರಿಗೆ ಒಲಿಯಲಿಲ್ಲ. ಆದರೆ ನೆಲವನ್ನು ಓದುವುದರಲ್ಲಿ ಅವರಿಗೆ ಸಮಾನರು ವಿರಳ. ಬರಡಾದ ಹೊಲದಲ್ಲಿ ಅಲ್ಲಲ್ಲಿ ಸಣ್ಣ ಗುಳಿಗಳನ್ನು ತೋಡಿ ಬಿತ್ತುವ ಹಳೆಯ ಪದ್ಧತಿಯೊಂದು ಆ ಸೀಮೆಯಲ್ಲಿ ಮೊದಲೇ ಇತ್ತು. ಸಾವಡೋಗೊ ಅದನ್ನು ತಿದ್ದಿದರು. ಗುಳಿಯನ್ನು ಹಿಂದಿಗಿಂತ ಅಗಲವಾಗಿಯೂ ಆಳವಾಗಿಯೂ ತೋಡಿದರು. ಮಳೆ ಬಿದ್ದ ಮೇಲಲ್ಲದೆ, ಉರಿಬಿಸಿಲಿನ ಬೇಸಗೆಯಲ್ಲಿಯೇ ತೋಡಿದರು. ಬರಿದಾಗಿ ಬಿಡದೆ ಅದರೊಳಗೆ ಸಗಣಿ, ಎಲೆ, ಕಸಕಡ್ಡಿಗಳ ಗೊಬ್ಬರವನ್ನು ತುಂಬಿದರು. ತಿದ್ದುಪಡಿ ಇಷ್ಟೇ. ಕೇಳುವುದಕ್ಕೆ ಅಲ್ಪವಾದರೂ ಇದರ ಫಲ ಅಲ್ಪವಾಗಲಿಲ್ಲ.

ಈ ಗುಳಿಗೆ ಅಲ್ಲಿಯ ಮೋರೆ ಭಾಷೆಯಲ್ಲಿ ‘ಜಾಯಿ’ ಎನ್ನುತ್ತಾರೆ. ಬೆಳಗಾಗೆದ್ದು ಬೇಗನೆ ಹೊಲವನ್ನು ಹದಮಾಡಲು ಹೋಗುವುದು ಎಂಬ ಅರ್ಥದ ಧಾತುವಿನಿಂದ ಇದು ಹುಟ್ಟಿತೆಂದು ಹೇಳುವುದುಂಟು. ಹೆಸರಿನಲ್ಲಿಯೇ ದುಡಿಮೆಯ ಕ್ರಮವನ್ನು ಅಡಗಿಸಿಟ್ಟ ಆ ಭಾಷಿಕರ ಜಾಣ್ಮೆ ಮೆಚ್ಚತಕ್ಕದ್ದು. ಗುಳಿಯ ಬಾಯಿ ಸುಮಾರು ಒಂದು ಗೇಣಿನಿಂದ ಒಂದು ಮೊಳದವರೆಗೆ, ಆಳ ನಾಲ್ಕರಿಂದ ಎಂಟು ಅಂಗುಲ. ಅಗೆದ ಮಣ್ಣನ್ನು ಇಳಿಜಾರಿನ ಕಡೆಗೆ ಅರ್ಧಚಂದ್ರಾಕಾರವಾಗಿ ಒಡ್ಡುತ್ತಾರೆ. ಒಂದು ಹೆಕ್ಟೇರಿಗೆ, ಎಂದರೆ ನಮ್ಮ ಎರಡೂವರೆ ಎಕರೆಗೆ, ಇಂತಹ ಗುಳಿಗಳು ಹನ್ನೆರಡು ಸಾವಿರಕ್ಕೂ ಮಿಗಿಲು.

ಇನ್ನು ಗುಳಿಯೊಳಗೆ ನಡೆಯುವ ವ್ಯಾಪಾರವನ್ನು ನೋಡೋಣ. ಗೊಬ್ಬರದ ವಾಸನೆಗೆ ಮೊದಲು ಬರುವುದು ಗೆದ್ದಲು. ನಮ್ಮ ರೈತನು ಗೆದ್ದಲೆಂದೊಡನೆ ಮುಖ ಸಿಂಡರಿಸುತ್ತಾನೆ. ಮನೆಯ ತೊಲೆಗೂ ಕಪಾಟಿನ ಪುಸ್ತಕಕ್ಕೂ ಅದು ಶತ್ರುವೆಂಬುದು ನಿಜ. ಆದರೆ ಸಾವಡೋಗೊ ಅದನ್ನು ಕೂಲಿಯಿಲ್ಲದ ಆಳನ್ನಾಗಿ ದುಡಿಸಿಕೊಂಡರು. ಕಸವನ್ನು ತಿನ್ನಲು ಬಂದ ಗೆದ್ದಲು ಗುಳಿಯ ತಳದ ಗಟ್ಟಿ ನೆಲವನ್ನು ಕೊರೆದು ನೂರಾರು ಸೂಕ್ಷ್ಮವಾದ ಸುರಂಗಗಳನ್ನು ಮಾಡುತ್ತದೆ. ಕಸವನ್ನು ಜೀರ್ಣಿಸಿ ಬೇರಿಗೆ ನಿಲುಕುವ ಸಾರವನ್ನಾಗಿಸುತ್ತದೆ. ಮೊದಲ ಮಳೆ ಬಿದ್ದಾಗ ಸುತ್ತಲಿನ ಗಟ್ಟಿ ನೆಲದ ಮೇಲೆ ಬಿದ್ದ ನೀರು ಗುಳಿಗೆ ಹರಿದುಬಂದು, ಆ ಸುರಂಗಗಳ ಮೂಲಕ ಆಳಕ್ಕೆ ಇಳಿಯುತ್ತದೆ. ಯಾವ ಗಟ್ಟಿತನವು ಹೊಲಕ್ಕೆ ಶಾಪವಾಗಿತ್ತೋ ಅದೇ ಈಗ ನೀರನ್ನು ಗುಳಿಗೆ ಕೂಡಿಸುವ ಹರಿಕಟ್ಟೆಯಾಯಿತು. ಗುಳಿಯಲ್ಲಿ ಬಿತ್ತಿದ ಜೋಳದ ಸಸಿಯು ನಡುವೆ ಎರಡು ವಾರ ಮಳೆ ಕೈಕೊಟ್ಟರೂ ಬಾಡದೆ ನಿಲ್ಲುತ್ತದೆ. ಮಳೆ ಕಡಮೆಯಾದ ವರ್ಷದಲ್ಲಿ ಹೆಕ್ಟೇರಿಗೆ ಮೂರು ನಾಲ್ಕು ಕ್ವಿಂಟಲ್, ಒಳ್ಳೆಯ ವರ್ಷದಲ್ಲಿ ಹದಿನೈದು ಕ್ವಿಂಟಲಿನವರೆಗೆ ಕಾಳು ಬಂದುದು ದಾಖಲಾಗಿದೆ. ಸಂಖ್ಯೆ ದೊಡ್ಡದಲ್ಲವೆಂದು ನೀರಾವರಿ ಪ್ರದೇಶದವರು ನಗಬಹುದು. ಒಂದು ಹಿಡಿ ಕಾಳೂ ಬೆಳೆಯದಿದ್ದ ನೆಲವದು ಎಂಬುದನ್ನು ಮರೆಯಬಾರದು.

ಊರಿನವರು ಮೊದಲು ಅವರನ್ನು ಹುಚ್ಚನೆಂದರು. ಬೇಸಗೆಯಲ್ಲಿ ವಿಶ್ರಮಿಸುವ ಸಂಪ್ರದಾಯವನ್ನು ಮುರಿದನೆಂದು ಮುನಿದರು. ಅವರ ಹೊಲದಲ್ಲಿ ಎದ್ದ ಗಿಡಗಳಿಗೆ ಬೆಂಕಿ ಇಟ್ಟದ್ದೂ ಉಂಟು. ಅವರು ಮತ್ತೆ ತೋಡಿದರು. ಈ ನಡುವೆ ಯಾರೂ ಎಣಿಸದಿದ್ದ ಇನ್ನೊಂದು ಸಂಗತಿ ನಡೆಯಿತು. ಗುಳಿಗೆ ಹಾಕಿದ ಸಗಣಿಗೊಬ್ಬರದಲ್ಲಿ, ದನಕರುಗಳು ಮೇದ ಕಾಡುಮರಗಳ ಬೀಜಗಳಿದ್ದುವು. ಜೋಳದ ಜೊತೆಗೆ ಅವೂ ಮೊಳೆತುವು. ಕಳೆಯೆಂದು ಕೀಳದೆ ಸಾವಡೋಗೊ ಅವನ್ನು ಉಳಿಸಿದರು. ಬಳಿಕ ತಾವಾಗಿಯೇ ನೆಡತೊಡಗಿದರು. ವರ್ಷಗಳು ಕಳೆದಂತೆ ಬರಡಾಗಿದ್ದ ಬಯಲಿನಲ್ಲಿ ಹಲವಾರು ಜಾತಿಯ ಮರಗಳುಳ್ಳ ಹತ್ತಾರು ಎಕರೆಗಳ ಕಾಡು ನಿಂತಿತು. 1984ರಿಂದ ಅವರು ತಮ್ಮ ಹೊಲದಲ್ಲಿಯೇ ವರ್ಷಕ್ಕೆರಡು ಸಲ ಸಂತೆ ಕೂಡಿಸಿ, ದೂರದೂರುಗಳ ರೈತರು ಬೀಜವನ್ನೂ ಅನುಭವವನ್ನೂ ಪರಸ್ಪರ ಹಂಚಿಕೊಳ್ಳುವಂತೆ ಮಾಡಿದರು. ಅಕ್ಷರವಿಲ್ಲದವರು ಕಟ್ಟಿದ ಪಾಠಶಾಲೆಯೆಂದರೆ ಅದೇ ತಾನೆ? 2018ರಲ್ಲಿ ಸ್ವೀಡನ್ನಿನ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ, 2020ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ಗೌರವ ಅವರಿಗೆ ಸಂದುವು. 2023ರ ಡಿಸೆಂಬರಿನಲ್ಲಿ ಅವರು ಕಾಲವಾದರು.

ಅದೇ ಯಾತೆಂಗದಲ್ಲಿ 1979ರಿಂದ ‘ಆಕ್ಸ್‌ಫ್ಯಾಮ್’ ಎಂಬ ಸೇವಾಸಂಸ್ಥೆಯ ನೆರವಿನಿಂದ ಕಲ್ಲುಬದುಗಳ ಕೆಲಸವೂ ನಡೆಯಿತು. ಸಮಪಾತಳಿಯ ಗೆರೆಯನ್ನು ಗುರುತಿಸಲು ಅವರು ಬಳಸಿದ ಯಂತ್ರವೆಂದರೆ ನೀರು ತುಂಬಿದ ಒಂದು ಪಾರದರ್ಶಕ ಕೊಳವೆ. ನಮ್ಮ ಗೌಂಡಿಗಳು ಗೋಡೆಯ ಮಟ್ಟ ನೋಡಲು ಹಿಡಿಯುವಂಥದೇ. ಆ ಗೆರೆಯುದ್ದಕ್ಕೂ ಕಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಹರಿಯುವ ನೀರಿನ ಓಟ ನಿಧಾನವಾಗುತ್ತದೆ, ಮಣ್ಣು ಅಲ್ಲಿಯೇ ತಂಗುತ್ತದೆ. ಗುಳಿಯೂ ಕಲ್ಲುಬದುವೂ ಜೊತೆಗೂಡಿದಲ್ಲಿ ಫಲ ಇಮ್ಮಡಿಸಿತು.

ಯಾತೆಂಗದ ಪೂರ್ವಕ್ಕೆ ನೈಜರ್ ದೇಶವಿದೆ. ಅಲ್ಲಿಯ ಮರಾಡಿ ಪ್ರಾಂತಕ್ಕೆ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕೃಷಿತಜ್ಞರು 1980ರ ದಶಕದ ಆರಂಭದಲ್ಲಿ ಸಸಿ ನೆಡಿಸುವ ಕೆಲಸಕ್ಕಾಗಿ ಬಂದರು. ನೆಟ್ಟ ಸಸಿಗಳಲ್ಲಿ ಬಹುಪಾಲು ಸತ್ತುಹೋಗುತ್ತಿದ್ದುವು. 1983ರಲ್ಲಿ ಒಂದು ದಿನ ಮರಳುದಾರಿಯಲ್ಲಿ ಗಾಡಿಯ ಚಕ್ರಗಳ ಗಾಳಿ ಇಳಿಸಲೆಂದು ನಿಂತಾಗ, ಬದಿಯ ಪೊದೆಯೊಂದರ ಎಲೆ ಅವರ ಕಣ್ಣಿಗೆ ಬಿತ್ತು. ಅದು ಪೊದೆಯಲ್ಲ, ಕಡಿದ ಮರದ ಬೊಡ್ಡೆಯಿಂದ ಮತ್ತೆ ಚಿಗುರಿದ ಕುಡಿಗಳೆಂದು ಆಗ ಹೊಳೆಯಿತು. ಬಯಲಿನ ತುಂಬ ಅಂತಹ ಬೊಡ್ಡೆಗಳಿದ್ದುವು. ಕಾಡು ನಾಶವಾಗಿರಲಿಲ್ಲ, ನೆಲದೊಳಗೆ ಬೇರಾಗಿ ಕಾದಿತ್ತು. ಪ್ರತಿ ಬೊಡ್ಡೆಯಲ್ಲಿ ನಾಲ್ಕೈದು ಬಲವಾದ ಕುಡಿಗಳನ್ನು ಉಳಿಸಿ ಮಿಕ್ಕವನ್ನು ಸವರಿ ಕಾಪಾಡಿದರೆ ಸಾಕಾಯಿತು. ಆದರೆ ಇದಕ್ಕೊಂದು ಅಡ್ಡಿಯೂ ಇತ್ತು. ಹಿಂದಿನ ಫ್ರೆಂಚ್ ಆಳ್ವಿಕೆಯ ಕಾನೂನಿನಂತೆ ಮರವೆಲ್ಲ ಸರ್ಕಾರದ ಸೊತ್ತು. ತನ್ನದಲ್ಲದ ಮರವನ್ನು ರೈತನು ಏಕೆ ಕಾಯ್ದಾನು? ಆ ಕಟ್ಟು ಸಡಿಲವಾದ ಮೇಲೆ ಪದ್ಧತಿಯು ಹೊಲದಿಂದ ಹೊಲಕ್ಕೆ ತಾನಾಗಿಯೇ ಹಬ್ಬಿತು. ಇಪ್ಪತ್ತು ವರ್ಷಗಳ ತರುವಾಯ ಉಪಗ್ರಹದ ಚಿತ್ರಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಸುಮಾರು ಐವತ್ತು ಲಕ್ಷ ಹೆಕ್ಟೇರ್ ಸಾಗುವಳಿ ಭೂಮಿಯಲ್ಲಿ ಮರಗಳು ಮರಳಿ ಬಂದುದನ್ನು ಕಂಡು ಬೆರಗಾದರು. ಅಲ್ಲಿಯ ಗಾವೊ ಎಂಬ ಮರದ ಗುಣವಂತೂ ವಿಲಕ್ಷಣ: ಮಳೆಗಾಲದಲ್ಲಿ ಎಲೆ ಉದುರಿಸಿ ಬೆಳೆಗೆ ಬಿಸಿಲು ಬಿಟ್ಟುಕೊಡುತ್ತದೆ, ಬೇಸಗೆಯಲ್ಲಿ ಚಿಗುರಿ ದನಗಳಿಗೆ ನೆರಳಾಗುತ್ತದೆ. 2018ರ ಆ ಪ್ರಶಸ್ತಿಯಲ್ಲಿ ಸಾವಡೋಗೊ ಅವರೊಡನೆ ರಿನಾಡೊ ಅವರೂ ಪಾಲುಗೊಂಡರು.

ದೂರದ ಆಫ್ರಿಕಾದ ಮಾತು ಕನ್ನಡ ನಾಡಿಗೆ ಏಕೆ ಎಂದು ಕೇಳುವವರಿರಬಹುದು. ನಮಗೂ ಆ ಖಂಡಕ್ಕೂ ಇರುವ ನಂಟು ಎಣಿಸಿದಷ್ಟು ಹೊಸದಲ್ಲ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡುಗಳೇ. ಅಲ್ಲಿಂದ ಎಷ್ಟೋ ಸಾವಿರ ವರ್ಷಗಳ ಹಿಂದೆ ಅದು ಇಲ್ಲಿಗೆ ಬಂತೆಂಬುದು ಸಸ್ಯಶಾಸ್ತ್ರಜ್ಞರ ಮತ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಮಂಡ್ಯದ ಸಂಶೋಧಕರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ 1970ರ ದಶಕದಲ್ಲಿ ಹೊರತಂದ ತಳಿಗಳಿಗೆ ‘ಇಂಡಾಫ್’ ಎಂದು ಹೆಸರಿಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲಿ ಸೇರಿಕೊಂಡಿವೆ. ಕಾಳಿನಲ್ಲಿ ಕೂಡಿದ ಈ ನೆಂಟಸ್ತಿಕೆ ಗುಳಿಯಲ್ಲಿಯೂ ಕಾಣಿಸುತ್ತದೆ ಎಂಬುದೇ ಸ್ವಾರಸ್ಯ.

ಹಾವೇರಿ ಜಿಲ್ಲೆಯ ರೈತರಲ್ಲಿ ‘ಗುಳಿ ರಾಗಿ’ ಎಂಬ ಪದ್ಧತಿಯೊಂದಿದೆ. ‘ಗುಳಿ’ ಎಂಬುದು ಹಳಗನ್ನಡದ ‘ಕುೞಿ’ಯ ರೂಪಾಂತರ, ತಮಿಳರೂ ತಗ್ಗಿಗೆ ಇದೇ ಶಬ್ದವನ್ನು ಹೇಳುತ್ತಾರೆ. ಯಾವ ಸಂಶೋಧನಾಲಯವೂ ಇದನ್ನು ಹೇಳಿಕೊಟ್ಟುದಲ್ಲ. ರೈತರೇ ಅನುಭವದಿಂದ ರೂಢಿಸಿಕೊಂಡುದು. ಸಾಮಾನ್ಯವಾಗಿ ರಾಗಿಯನ್ನು ಚೆಲ್ಲುತ್ತಾರೆ ಇಲ್ಲವೆ ಕೂರಿಗೆಯಿಂದ ಬಿತ್ತುತ್ತಾರೆ. ಗುಳಿ ಪದ್ಧತಿಯಲ್ಲಿ ಮೊದಲು ಮಡಿಯಲ್ಲಿ ಸಸಿ ಬೆಳೆಸುತ್ತಾರೆ. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಒಂದೂವರೆ ಅಡಿಯ ಅಂತರದಲ್ಲಿ ಗೆರೆ ಹೊಡೆದು, ಗೆರೆಗಳು ಕೂಡುವ ಕಡೆ ಗುಳಿ ಮಾಡಿ, ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ, ಎರಡೆರಡು ಎಳೆಯ ಸಸಿಗಳನ್ನು ನೆಡುತ್ತಾರೆ. ಚೌಕಾಬಾರದ ಮನೆಗಳಂತೆ ಹೊಲವೆಲ್ಲ ಚೌಕಚೌಕವಾಗಿ ಕಾಣುತ್ತದೆ. ಸಸಿಗಳು ಇಷ್ಟು ವಿರಳವಾಗಿದ್ದರೆ ಬೆಳೆಯೆಲ್ಲಿಂದ ಬಂದೀತು ಎಂದು ನೋಡಿದವರು ಸಂಶಯಪಡುವುದು ಸ್ವಾಭಾವಿಕ.

ಮುಂದಿನ ಕ್ರಮ ಇನ್ನೂ ವಿಚಿತ್ರವಾದುದು. ನಾಟಿಯಾಗಿ ಸಸಿ ಬೇರೂರಿದ ಮೇಲೆ ಹಗುರವಾದ ಮರದ ಕೊರಡೊಂದನ್ನು ಪೈರಿನ ಮೇಲೆಯೇ ಎಳೆಯುತ್ತಾರೆ. ಒಂದು ಸಲ ಉದ್ದಕ್ಕೆ, ಕೆಲವು ದಿನ ಬಿಟ್ಟು ಅಡ್ಡಕ್ಕೆ. ಎಳೆಯ ಗಿಡಗಳು ನೆಲಕ್ಕೆ ಬಾಗುತ್ತವೆ. ಹೊಸಬರಿಗೆ ಕರುಳು ಚುರುಕ್ಕೆನ್ನುವ ನೋಟವದು. ಆದರೆ ಬಾಗಿದ ಗಿಡವು ಸುಮ್ಮನಿರದೆ ಬುಡದಿಂದ ಹೊಸ ಬೇರುಗಳನ್ನೂ ಹೊಸ ತೆಂಡೆಗಳನ್ನೂ ಒಡೆಯುತ್ತದೆ. ನಡುನಡುವೆ ಎಡೆಕುಂಟೆಯನ್ನು ಎರಡೂ ದಿಕ್ಕಿಗೆ ಹೊಡೆಯುವುದರಿಂದ ಕಳೆಯೂ ಸಾಯುತ್ತದೆ, ಮಣ್ಣೂ ಸಡಿಲಗೊಂಡು ಬೇರಿಗೆ ಗಾಳಿ ಆಡುತ್ತದೆ. ಹೀಗೆ ಎರಡು ಸಸಿಗಳ ಬುಡವು ಹತ್ತಾರು ತೆಂಡೆಗಳ ಗುಂಪಾಗಿ, ಪ್ರತಿಯೊಂದು ತೆಂಡೆಯೂ ತೆನೆ ಹೊರುತ್ತದೆ. ರೂಢಿಯ ಬಿತ್ತನೆಯಲ್ಲಿ ಎಕರೆಗೆ ಐದರಿಂದ ಎಂಟು ಕ್ವಿಂಟಲ್ ಬರುವೆಡೆ ಗುಳಿ ಪದ್ಧತಿಯಿಂದ ಹದಿನೆಂಟು ಇಪ್ಪತ್ತು ಕ್ವಿಂಟಲ್ ಬಂದುದಾಗಿಯೂ, ಅತ್ಯುತ್ತಮವಾದ ಹೊಲದಲ್ಲಿ ಇಪ್ಪತ್ತೈದು ಕ್ವಿಂಟಲ್ ಮುಟ್ಟಿದುದಾಗಿಯೂ ವರದಿಗಳಿವೆ. ಬೇರು ಆಳಕ್ಕೆ ಇಳಿದ ಗಿಡವು ನಡುವಿನ ಒಣಹವೆಯನ್ನು ತಾಳಿಕೊಳ್ಳಬಲ್ಲುದು ಎಂಬುದೇ ಇಂದಿನ ದಿನಗಳಲ್ಲಿ ಇದರ ಮುಖ್ಯವಾದ ಗುಣ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಭಾಷಣಗಳು ಬೇಕಾದಷ್ಟು ನಡೆದುವು. ಅವುಗಳ ಒಂದು ಪಾಲಿನಷ್ಟಾದರೂ ಮಾತು ಈ ಕೊರಡಿನ ಬಗ್ಗೆ ನಡೆದಿದ್ದರೆ ಚೆನ್ನಾಗಿತ್ತು.

ಹಾವೇರಿಯ ಈ ಗುಳಿಯನ್ನು ಹೊರಗಿನವರು ಗಮನಿಸುವಂತಾದುದು ಭತ್ತದ ದೆಸೆಯಿಂದ. ಮಡಗಾಸ್ಕರ್ ದ್ವೀಪದಲ್ಲಿ ಹೆನ್ರಿ ದ ಲೊಲಾನಿಯೆ ಎಂಬ ಫ್ರೆಂಚ್ ಪಾದ್ರಿಗಳು 1961ರಿಂದ ರೈತರ ನಡುವೆ ಇದ್ದು ಕೆಲಸಮಾಡುತ್ತಿದ್ದರು. 1983ರಲ್ಲಿ ಕಾಲಸ್ಥಿತಿಯ ಒತ್ತಡದಿಂದ ಹದಿನೈದೇ ದಿನಗಳ ಎಳೆಯ ಸಸಿಗಳನ್ನು ನೆಡಬೇಕಾಗಿ ಬಂತು. ಕೆಟ್ಟುಹೋದೀತೆಂದುಕೊಂಡ ಪೈರು ಎಂದಿಗಿಂತ ಹೆಚ್ಚು ತೆಂಡೆಯೊಡೆಯಿತು. ಈ ಆಕಸ್ಮಿಕದಿಂದ, ಒಂಟಿ ಸಸಿಯನ್ನು ದೂರದೂರ ನೆಟ್ಟು, ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಬೆಳೆಯುವ ಪದ್ಧತಿ ಹುಟ್ಟಿತು. ಅದರ ಇಂಗ್ಲಿಷ್ ಹೆಸರಿನ ಮೂರು ಮೊದಲಕ್ಷರಗಳನ್ನು ಕೂಡಿಸಿ ನಮ್ಮವರು ‘ಶ್ರೀ ಪದ್ಧತಿ’ ಎಂದು ಕರೆದುದು ಅರ್ಥವತ್ತಾಗಿಯೇ ಇದೆ. ಅದರ ಇಳುವರಿಯ ಬಗ್ಗೆ ಹೇಳಲಾದ ಕೆಲವು ಅತಿಶಯದ ಸಂಖ್ಯೆಗಳನ್ನು ಭತ್ತದ ತಜ್ಞರು ಒಪ್ಪಿಲ್ಲ. ಆ ವಾದ ಹಾಗಿರಲಿ. ನೀರು ನಿಲ್ಲಿಸಬೇಕಾಗಿಲ್ಲ ಎಂಬ ಅಂಶವು ಮಾತ್ರ ಭತ್ತದ ಬೇಸಾಯಕ್ಕೆ ಹೊಸ ದಾರಿಯನ್ನು ತೋರಿಸುತ್ತದೆ.

ಬೇಸಾಯವು ವಾಯುಗುಣದ ಬದಲಾವಣೆಗೆ ತುತ್ತಾಗಿರುವಂತೆಯೇ ಅದಕ್ಕೆ ಕಾರಣವೂ ಹೌದು ಎಂಬ ಅಪ್ರಿಯಸತ್ಯವನ್ನು ಇಲ್ಲಿ ಹೇಳಲೇಬೇಕು. 2019ರ ಲೆಕ್ಕದಂತೆ ಜಗತ್ತಿನಲ್ಲಿ ಹೊರಬಿದ್ದ ಶಾಖವರ್ಧಕ ಅನಿಲಗಳಲ್ಲಿ ನೂರಕ್ಕೆ 22ರಷ್ಟು ಬೇಸಾಯ, ಅರಣ್ಯನಾಶ ಮೊದಲಾದ ಭೂಬಳಕೆಯಿಂದ ಬಂದುದು. ಗದ್ದೆಯಲ್ಲಿ ನೀರು ನಿಂತಾಗ ಕೆಸರಿಗೆ ಗಾಳಿ ತಾಕದೆ ಒಂದು ಬಗೆಯ ಸೂಕ್ಷ್ಮಾಣುಗಳು ಬೆಳೆದು ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದೂ ಮುಖ್ಯವಾಗಿ ಇದೇ ಅನಿಲ. ಅಲ್ಲಿ ಅಡುಗೆ ಬೇಯಿಸುವುದು, ಇಲ್ಲಿ ಆಕಾಶಕ್ಕೇರಿ ಭೂಮಿಯನ್ನು ಬೇಯಿಸುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ಎಂಬತ್ತು ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಆದರೆ ಇದರಲ್ಲಿಯೇ ಒಂದು ಆಶ್ವಾಸನೆಯೂ ಅಡಗಿದೆ. ಇಂಗಾಲದ ಡೈಆಕ್ಸೈಡು ಶತಮಾನಗಳ ಕಾಲ ಉಳಿಯುವಂತೆ ಮೀಥೇನ್ ಉಳಿಯುವುದಿಲ್ಲ. ಹನ್ನೆರಡು ವರ್ಷಗಳ ಆಸುಪಾಸಿನಲ್ಲಿ ಅದರ ಆಯುಷ್ಯ ತೀರುತ್ತದೆ. ಇಂದು ಇದನ್ನು ಕಡಮೆ ಮಾಡಿದರೆ ಅದರ ಫಲವನ್ನು ಇಂದಿನ ಹತ್ತನೆಯ ತರಗತಿಯ ವಿದ್ಯಾರ್ಥಿಯೇ ತನ್ನ ಮೂವತ್ತನೆಯ ವಯಸ್ಸಿನೊಳಗೆ ಕಾಣಬಹುದು.

ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಇದಕ್ಕಾಗಿ ಬಳಕೆಗೆ ತಂದ ಸಾಧನವು ಒಂದಡಿ ಉದ್ದದ, ಕೆಳಭಾಗದಲ್ಲಿ ತೂತುಗಳುಳ್ಳ ಒಂದು ಕೊಳವೆಯ ತುಂಡು. ಅದನ್ನು ಗದ್ದೆಯಲ್ಲಿ ಹೂಳಿ ಒಳಗೆ ಇಣುಕಿದರೆ ನೆಲದಡಿಯ ನೀರಿನ ಮಟ್ಟ ಕಾಣುತ್ತದೆ. ಮಟ್ಟವು ಅರ್ಧ ಅಡಿಯಷ್ಟು ಕೆಳಗಿಳಿಯುವವರೆಗೂ ನೀರು ಕಟ್ಟಬೇಕಾಗಿಲ್ಲ. ಹೂಬಿಡುವ ಕಾಲದಲ್ಲಿ ಮಾತ್ರ ನೀರು ನಿಲ್ಲಿಸಬೇಕು. ಹೀಗೆ ಮಾಡಿದ ಕಡೆಗಳಲ್ಲಿ ಇಳುವರಿ ಕುಗ್ಗದೆ ನೀರಿನಲ್ಲಿ ಮೂರನೆಯ ಒಂದು ಪಾಲಿನ ಸಮೀಪದವರೆಗೆ ಉಳಿತಾಯವಾದುದೂ, ಮೀಥೇನ್ ಅರ್ಧಕ್ಕೆ ಹತ್ತಿರ ಇಳಿದುದೂ ಉಂಟು. ತುಂಗಭದ್ರಾ, ಭದ್ರಾ ಕಾಲುವೆಗಳ ಕೊನೆಯ ಭಾಗದ ರೈತರು ನೀರು ಬಾರದೆ ವರ್ಷ ವರ್ಷವೂ ಕಚೇರಿಯ ಮುಂದೆ ಕೂರುವುದನ್ನು ಬಲ್ಲವರಿಗೆ, ಮೇಲಿನವರು ನಿಲ್ಲಿಸಿಕೊಳ್ಳದೆ ಬಿಟ್ಟ ನೀರಿನ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ಕೇಳಿ ಎಲ್ಲ ಕಷ್ಟವೂ ತೀರಿತೆಂದು ಭಾವಿಸುವುದು ಮತ್ತೆ ಸುಳ್ಳು ಸಮಾಧಾನಕ್ಕೆ ದಾರಿ. ಕಲ್ಲಿದ್ದಲು, ಕಲ್ಲೆಣ್ಣೆಗಳನ್ನು ಸುಡುವುದು ತಗ್ಗದ ಹೊರತು ಗುಳಿಯೊಂದೇ ಭೂಮಿಯ ತಾಪವನ್ನು ಇಳಿಸಲಾರದು. ಕಾರ್ಖಾನೆಗಳ ಹೊಗೆಯ ಹೊಣೆಯನ್ನು ಒಕ್ಕಲಿಗನ ತಲೆಗೆ ಕಟ್ಟುವುದೂ ತಪ್ಪು. ನೀರು ಒಣಗಿಸಿದ ಗದ್ದೆಯಲ್ಲಿ ಸಾರಜನಕದ ಇನ್ನೊಂದು ಅನಿಲವು ಕೊಂಚ ಹೆಚ್ಚುವುದುಂಟಾದ್ದರಿಂದ ರಸಗೊಬ್ಬರವನ್ನೂ ಹಿತಮಿತವಾಗಿ ಹಾಕಬೇಕು. ಸಾವಡೋಗೊ ಅವರ ಕಾಡಿನ ಅಂಚನ್ನು ಅವರ ಜೀವಿತಕಾಲದಲ್ಲಿಯೇ ಪಟ್ಟಣದ ಬಡಾವಣೆಗಳು ಒತ್ತರಿಸತೊಡಗಿದುವು. ಆ ಸೀಮೆಯನ್ನು ಕೆಲವು ವರ್ಷಗಳಿಂದ ಆಯುಧಧಾರಿಗಳ ಹಾವಳಿ ಕಾಡಿ ಎಷ್ಟೋ ಒಕ್ಕಲುಗಳನ್ನು ಊರುಬಿಡಿಸಿದೆ. ಆರನೆಯ ಈತಿಯು ಎಲ್ಲ ಕಡೆಯೂ ಹೋಗಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಎಲ್ಲಕ್ಕಿಂತ ದೊಡ್ಡ ತೊಡಕು ದುಡಿಮೆಯದು. ಒಂದು ಹೆಕ್ಟೇರಿನಲ್ಲಿ ಜಾಯಿ ತೋಡಲು ನೂರಾರು ತಾಸುಗಳ ಮೈಮುರಿತ ಬೇಕು. ಗುಳಿ ರಾಗಿಗೂ ಆಳು ಹೆಚ್ಚು. ಕೂಲಿಯ ದರವೂ ಆಳುಗಳ ಅಭಾವವೂ ಇಂದು ಹೇಗಿವೆಯೆಂಬುದು ಮಠದ ದಾಸೋಹಕ್ಕೆ ಕಾಳಿನ ಚೀಲ ಕಳುಹಿಸುವ ದಾನಿಗಳಿಗೆಲ್ಲ ಗೊತ್ತು. ಒಳ್ಳೆಯ ಪದ್ಧತಿಯೊಂದು ಹತ್ತಿರದಲ್ಲಿಯೇ ಇದ್ದರೂ ನೆರೆಯ ತಾಲ್ಲೂಕಿಗೆ ಹಬ್ಬದಿರುವುದಕ್ಕೆ ರೈತನ ಮೌಢ್ಯವೇ ಕಾರಣವೆನ್ನುವವರು ಒಮ್ಮೆ ಗುದ್ದಲಿ ಹಿಡಿದು ನೋಡುವುದು ಒಳಿತು. ಗೆರೆ ಹೊಡೆಯುವ, ಗುಳಿ ತೆಗೆಯುವ ಹಗುರವಾದ ಉಪಕರಣಗಳನ್ನು ರೂಪಿಸುವ ಕೆಲಸವು ನಮ್ಮ ತಾಂತ್ರಿಕ ವಿದ್ಯಾಲಯಗಳಲ್ಲಿ ಓದುತ್ತಿರುವ ಒಕ್ಕಲುಮಕ್ಕಳಿಗಾಗಿ ಕಾದಿದೆ.

ಶಾಲೆಯ ಮಟ್ಟಿಗೆ ಇದನ್ನು ನೋಡಬೇಕೆನಿಸಿದರೆ ದೊಡ್ಡ ಸಿದ್ಧತೆಯೇನೂ ಬೇಡ. ಒಂದು ಗುಂಟೆ ನೆಲ ಸಾಕು. ಗುಂಟೆಯೊಂದಕ್ಕೆ 1,089 ಚದರಡಿ. ಒಂದೂವರೆ ಅಡಿಯ ಚೌಕಕ್ಕೆ ಎರಡೂಕಾಲು ಚದರಡಿ. ಭಾಗಿಸಿದರೆ 484 ಗುಳಿಗಳಾಗುತ್ತವೆ, ಸಸಿಗಳು 968. ಪಕ್ಕದಲ್ಲಿಯೇ ಇನ್ನೊಂದು ಗುಂಟೆಯಲ್ಲಿ ರೂಢಿಯಂತೆ ರಾಗಿಯನ್ನು ಚೆಲ್ಲಿ, ಸುಗ್ಗಿಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಒಕ್ಕಿ ತೂಗಿದರೆ ಗಣಿತ, ವಿಜ್ಞಾನ ಎರಡೂ ಪಾಠಗಳಾದುವು. ಮುಂಗಾರಿಗೆ ಮೊದಲೇ ಗೊಬ್ಬರ ಸಿದ್ಧವಾಗಿರಬೇಕು, ಮಡಿಯಲ್ಲಿ ಸಸಿ ಎದ್ದಿರಬೇಕು, ನಾಟಿಗೆ ಹದವಾದ ಮಳೆ ನೋಡಿಕೊಳ್ಳಬೇಕು. ನಲವತ್ತು ವಿದ್ಯಾರ್ಥಿಗಳ ತರಗತಿಗೆ ತಲೆಗೆ ಹನ್ನೆರಡು ಗುಳಿಗಳಂತೆ ಹಂಚಿದರೆ 480 ಆಗುತ್ತದೆ. ಉಳಿದ ನಾಲ್ಕು ಉಪಾಧ್ಯಾಯರ ಪಾಲಿಗೆ.